ರೋಟರಿಗೆ ತುಕ್ಕು, ಟ್ರೈಲರಿಗೆ ಬಣ್ಣ

ತೀರ್ಥಹಳ್ಳಿ ತಾಲ್ಲೂಕಿನ ಅರಳಸುರಳಿ ಕಡೆಯ ಹಳೆ ಮನೆಗಳಲ್ಲಿ ಪವರ್ ಟಿಲ್ಲರ್ ನಿಲ್ಲುವುದು ಹೆಚ್ಚಾಗಿ ಕೊಟ್ಟಿಗೆಯಲ್ಲೇ. ಎತ್ತು ಕಟ್ಟುತ್ತಿದ್ದ ಗೂಟದ ಪಕ್ಕ, ಮೂತಿಯನ್ನು ಗೋಡೆಗೆ ಕೊಟ್ಟು, ಕೊಂಬಿನಂಥ ಎರಡು ಹ್ಯಾಂಡಲನ್ನು ಬಾಗಿಲ ಕಡೆ ಚಾಚಿಕೊಂಡಿರುತ್ತದೆ. ಮಗ್ಗುಲಲ್ಲಿ ಅದರ ಸಂಸಾರ: ಮಣ್ಣು ಮೆತ್ತಿದ, ತಿರುಗುವ ಅಲಗಿನ ರೋಟರಿ, ಕೆಸರಿನಲ್ಲಿ ನಡೆಯಲು ಹಾಕುವ, ಈಗ ಗೋಡೆಗೆ ಒರಗಿಸಿದ ಒಂದು ಜೊತೆ ಕೇಜ್‌ವೀಲ್, ಮೂಲೆಯಲ್ಲೊಂದು ಕಬ್ಬಿಣದ ನೇಗಿಲು, ಹೊರಗೆ ಅಂಗಳದಲ್ಲಿ ಟ್ರೈಲರ್. ನಮ್ಮಲ್ಲಿ ಕೇಜ್‌ವೀಲ್‌ನೊಳಗೆ ಕೋಳಿಯೊಂದು ಕಾವಿಗೆ ಕೂತಿತ್ತು. ಮರಿಗಳು ಹೊರಬರುವವರೆಗೆ ನಮ್ಮ ಟಿಲ್ಲರಿನ ರಿಪೇರಿ ಮುಂದಕ್ಕೆ ಹೋಯಿತು.

ಯಾವ ಸಾಮಾನಿಗೆ ಎಷ್ಟು ತುಕ್ಕು ಹಿಡಿದಿದೆ ಎಂದು ನೋಡಿದರೆ ಸಾಕು, ಆ ಮನೆಯ ಹತ್ತಿಪ್ಪತ್ತು ವರ್ಷಗಳ ಬೇಸಾಯವೆಲ್ಲ ಗೊತ್ತಾಗುತ್ತದೆ. ಟ್ರೈಲರಿನ ಟೈರ್ ಹೊಸದು, ಕೊಂಡಿಗೆ ಗ್ರೀಸ್ ಇದೆ ಎಂದರೆ ತೋಟ ಜೋರಾಗಿದೆ ಎಂದರ್ಥ. ರೋಟರಿಯ ಅಲಗು ತುಕ್ಕು ತಿಂದು ತೆಳ್ಳಗಾಗಿದ್ದರೆ ಗದ್ದೆಗೆ ಇಳಿಯುವುದು ನಿಂತು ಸುಮಾರು ವರ್ಷವಾಗಿದೆ. ಒಂದೊಂದೇ ಗದ್ದೆಗೆ ಅಡಿಕೆ ಸಸಿ ಬಂದು ಕೂತ ಮೇಲೆ ಉಳುವ ಯಂತ್ರಕ್ಕೆ ಉಳುಮೆಯೇ ಇಲ್ಲ. ಹೊರುವುದೊಂದೇ ಅದಕ್ಕೆ ಉಳಿದ ಕೆಲಸ.

ಅಮೆರಿಕದಲ್ಲಿ ಹಳೆಯ ಗಾರ್ಡನ್ ಟ್ರ್ಯಾಕ್ಟರುಗಳನ್ನು ಹುಡುಕಿ ತಂದು, ಮನೆಯ ಶೆಡ್ಡಿನಲ್ಲಿ ಬಿಚ್ಚಿ, ಕಂಪನಿಯಿಂದ ಬಂದ ದಿನದ ಬಣ್ಣಕ್ಕೇ ತರುವ ಹವ್ಯಾಸಿಗಳು ಬೇಕಾದಷ್ಟಿದ್ದಾರೆ. ಬೆಂಜಮಿನ್ ಗ್ರೇವ್ಲಿ ಎಂಬಾತ 1916ರಲ್ಲಿ ಪೇಟೆಂಟ್ ಪಡೆದ, ಹಿಂದೆ ನಡೆದುಕೊಂಡೇ ನಡೆಸುವ ಮೋಟಾರು ನೇಗಿಲಿನ ವಂಶದವಕ್ಕೆ ಅಲ್ಲಿ ದೊಡ್ಡ ಮರ್ಯಾದೆ. ನಮ್ಮಲ್ಲಿ ಆ ಜಾತಿಗೆ ತೀರ ಹತ್ತಿರದ್ದೆಂದರೆ ಪವರ್ ಟಿಲ್ಲರ್. ಅದನ್ನು ಹವ್ಯಾಸಕ್ಕೆ ಬಿಚ್ಚುವವರಿಲ್ಲ, ಅಡಿಕೆ ಗೊನೆ ಮನೆ ಸೇರಬೇಕೆಂದು ಬಿಚ್ಚುತ್ತಾರೆ. ಬಿಚ್ಚಿದವರಿಗೆ ಆಮೇಲೆ ಹುಚ್ಚು ಹಿಡಿಯುವುದು ಬೇರೆ ಮಾತು.

ಮಣ್ಣನ್ನು ಎಳೆದು ಸೀಳುವ ಬದಲು ತಿರುಗುವ ಅಲಗಿನಿಂದ ಕೊಚ್ಚುವ ಯೋಚನೆಯನ್ನು ಆಸ್ಟ್ರೇಲಿಯಾದ ಗಿಲ್‌ಗಾಂಡ್ರ ಎಂಬ ಊರಿನಲ್ಲಿ ಆರ್ಥರ್ ಕ್ಲಿಫರ್ಡ್ ಹೋವರ್ಡ್ 1912ರಲ್ಲಿ ಪ್ರಯೋಗಕ್ಕೆ ತಂದ. ಅವನ ಕಂಪನಿ ಇಟ್ಟ ರೋಟವೇಟರ್ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಹಿಂದಿನಿಂದ ಓದಿದರೂ ಅದೇ ಬರುತ್ತದೆ, ಅಲಗು ತಿರುಗಿದ ಹಾಗೆ. ಇದೇ ತತ್ವದ ಯಂತ್ರವನ್ನು ಭತ್ತದ ಕೆಸರಿಗೆ ಹೊಂದಿಸಿ ಮನೆಮನೆಗೆ ಮುಟ್ಟಿಸಿದವರು ಜಪಾನಿನವರು. ಅಲ್ಲಿ 1946ರ ಭೂಸುಧಾರಣೆಯಿಂದ ಗೇಣಿದಾರರು ಚಿಕ್ಕ ಚಿಕ್ಕ ಗದ್ದೆಗಳ ಒಡೆಯರಾಗಿದ್ದರು. ಒಬ್ಬ ಮನುಷ್ಯ, ಒಂದು ಎಂಜಿನ್, ಎರಡು ಚಕ್ರ, ಇಷ್ಟರಲ್ಲಿ ಅವರ ಹೂಟಿ ಮುಗಿಯಬೇಕಿತ್ತು.

ಬೆಂಗಳೂರಿನಲ್ಲಿ ಜಪಾನಿನ ಮಿತ್ಸುಬಿಷಿ ಸಹಯೋಗದೊಂದಿಗೆ ವಿ.ಎಸ್.ಟಿ. ಟಿಲ್ಲರ್ಸ್ ಶುರುವಾದದ್ದು 1967ರಲ್ಲಿ. ಕೇರಳ ಸರ್ಕಾರ 1973ರಲ್ಲಿ ಅತ್ತಾಣಿಯಲ್ಲಿ ಕ್ಯಾಮ್ಕೊ ಸ್ಥಾಪಿಸಿತು, ಅದಕ್ಕೆ ಕುಬೋಟಾದ ಸಹಯೋಗ. ಮಲೆನಾಡಿನಲ್ಲಿ ಇವೆರಡರ ಪೈಕಿ ಯಾವುದು ಮೇಲು ಎಂಬ ಚರ್ಚೆ ತಾಳಮದ್ದಲೆಯ ಅರ್ಥಧಾರಿಗಳನ್ನೂ ಸೋಲಿಸುವಂಥದ್ದು, ನಾನು ಅದಕ್ಕೆ ಹೋಗುವುದಿಲ್ಲ. ನನಗೆ ಕುತೂಹಲವೆನಿಸುವುದು ಇನ್ನೊಂದು. ಗೇಣಿದಾರರ ಹಕ್ಕಿಗಾಗಿ 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದದ್ದು ಪಕ್ಕದ ಸಾಗರ ತಾಲ್ಲೂಕಿನಲ್ಲಿ, ಅದರ ಮುಂದಾಳು ಶಾಂತವೇರಿ ಗೋಪಾಲಗೌಡರು ಇದೇ ತೀರ್ಥಹಳ್ಳಿ ತಾಲ್ಲೂಕಿನ ಆರಗದವರು. 1974ರಲ್ಲಿ ದೇವರಾಜ ಅರಸರ ಸರ್ಕಾರದ ತಿದ್ದುಪಡಿ ಕಾಯಿದೆ ಜಾರಿಯಾಗಿ ಇಲ್ಲಿಯೂ ಉಳುವವನು ಹೊಲದೊಡೆಯನಾದ. ಒಂದು ದೇಶದ ಭೂಸುಧಾರಣೆಯ ಅಳತೆಗೆ ಹೊಲಿದ ಯಂತ್ರ ಇನ್ನೊಂದು ದೇಶದ ಭೂಸುಧಾರಣೆಯ ಗದ್ದೆಗೆ ಬಂದು ಸರಿಯಾಗಿ ಕೂತಿತು. ಎರಡು ಗುಡ್ಡದ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನಮ್ಮ ಗದ್ದೆಗಳಿಗೆ ದೊಡ್ಡ ಟ್ರ್ಯಾಕ್ಟರ್ ತಂದರೆ ತಿರುಗಿಸುವುದಕ್ಕೆ ಜಾಗವಿಲ್ಲ. ಜೌಗಿನಲ್ಲಿ ಹೂತರೆ ಎತ್ತುವುದಕ್ಕೆ ಇನ್ನೊಂದು ಟ್ರ್ಯಾಕ್ಟರ್ ಬೇಕು.

ಹಳೆ ಟಿಲ್ಲರಿಗೆ ಕೈಹಾಕಲು ಸರಿಯಾದ ಕಾಲ ಅಡಿಕೆ ಕೊಯ್ಲು ಮುಗಿದ ಮೇಲೆ, ಮುಂಗಾರಿಗೆ ಮುಂಚೆ. ಮಳೆಗಾಲದಲ್ಲಿ ಬಿಚ್ಚಿಟ್ಟರೆ ಬೆಳಿಗ್ಗೆ ಉಜ್ಜಿದ ಕಬ್ಬಿಣ ಸಂಜೆಗೆ ಕೆಂಪಾಗುತ್ತದೆ. ವರ್ಷಕ್ಕೆ 7000 ಮಿಲಿಮೀಟರ್ ಮಳೆ ಕಾಣುವ ಆಗುಂಬೆಯೂ ಇದೇ ತಾಲ್ಲೂಕಿನದಲ್ಲವೇ?

ಮೊದಲ ಪರೀಕ್ಷೆ ಎಂಜಿನ್ ತಿರುಗುತ್ತದೋ ಜಾಮ್ ಆಗಿದೆಯೋ ಎಂಬುದು. ಟಿಲ್ಲರಿನದು ಒಂದೇ ಸಿಲಿಂಡರಿನ, ನೀರಿನಿಂದ ತಣಿಯುವ, ಮಲಗಿಸಿಟ್ಟ ಡೀಸೆಲ್ ಎಂಜಿನ್. ಈಗ ಊರಲ್ಲಿ ಹೆಚ್ಚು ಓಡಾಡುವ ಮಾದರಿಗಳು 12-13 ಅಶ್ವಶಕ್ತಿಯವು. ಮಲಗಿದ ಸಿಲಿಂಡರ್ ಎನ್ನುವುದನ್ನು ಮರೆಯಬಾರದು. ಹೊಗೆ ಕೊಳವೆಯಿಂದ ಇಳಿದ ಮಳೆನೀರು ಲೈನರಿನ ಕೆಳಮೈಯಲ್ಲಿ ನಿಂತು ಅಲ್ಲೇ ಗುಳಿ ಬೀಳಿಸುತ್ತದೆ, ಪಿಸ್ಟನ್ ರಿಂಗುಗಳು ಅಲ್ಲೇ ಕಚ್ಚಿಕೊಳ್ಳುತ್ತವೆ. ನಾಜಲ್ ಬಿಚ್ಚಿ ಆ ತೂತಿನಿಂದ ಡೀಸೆಲ್ಲಿಗೆ ಆಯಿಲ್ ಬೆರೆಸಿ ಹೊಯ್ದರೆ ಅದೂ ಕೆಳಗೇ ನಿಲ್ಲುತ್ತದೆ, ಮೇಲ್ಮೈಗೆ ತಾಗುವುದಿಲ್ಲ. ಮೂತಿಯ ಕೆಳಗೆ ಮರದ ಕೊರಡು ಕೊಟ್ಟು ಆಚೆ ಈಚೆ ವಾಲಿಸುತ್ತ, ದಿನಕ್ಕೆರಡು ಬಾರಿ ಫ್ಲೈವೀಲನ್ನು ಕೈಯಿಂದ ತುಸು ಅಲ್ಲಾಡಿಸುತ್ತ ಕಾಯಬೇಕು. ಎರಡು ದಿನವೂ ಆದೀತು, ಎರಡು ವಾರವೂ ಆದೀತು. ಪಿಸ್ಟನ್ನಿಗೆ ಸುತ್ತಿಗೆ ಕೊಟ್ಟವರಿಗೆ ಹೊಸ ಪಿಸ್ಟನ್ನಿನ ಖರ್ಚು ಖಾತ್ರಿ.

ಹೆಡ್ ಬಿಚ್ಚುವಾಗ ಬೋಲ್ಟ್‌ಗಳನ್ನು ಹೇಗಿತ್ತೋ ಹಾಗೆಯೇ ರಟ್ಟಿನ ಮೇಲೆ ಚುಚ್ಚಿಡುವುದು ಒಳ್ಳೆಯದು. ನಾವು ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದು, ಜೋಡಿಸುವ ದಿನ ಮೂರು ಬೋಲ್ಟ್ ಹೆಚ್ಚಿಗೆ ಉಳಿಸಿಕೊಂಡಿದ್ದೆವು. “ಕಂಪನಿಯವರು ಸುಮ್ನೆ ಹಾಕಿರ್ತಾರೆ ಮಾರಾಯ್ರೆ” ಎಂದು ಸಹಾಯಕ್ಕೆ ಬಂದಿದ್ದ ನೆರೆಮನೆಯವರು ಸಮಾಧಾನ ಹೇಳಿದರು. ಮತ್ತೆ ಬಿಚ್ಚಿದೆವು.

ಮನೆಯಲ್ಲಿ ಮಾಡಲಾಗದ ಕೆಲಸವೆಂದರೆ ಡೀಸೆಲ್ ಪಂಪು ಮತ್ತು ನಾಜಲ್. ಕೂದಲೆಳೆಗಿಂತ ಸಣ್ಣ ಸಂದಿನ ಲೆಕ್ಕದಲ್ಲಿ ನಡೆಯುವ ಈ ಎರಡನ್ನು ಪೇಟೆಯ ಪಂಪ್ ರಿಪೇರಿಯವರ ಬಳಿಯೇ ಒಯ್ಯಬೇಕು. ಮಿಕ್ಕದ್ದಕ್ಕೆಲ್ಲ ಕೊಟ್ಟಿಗೆಯ ನೆಲ, ಸೀಮೆಎಣ್ಣೆ ಅಥವಾ ಡೀಸೆಲ್, ತಂತಿ ಬ್ರಷ್, ಒಂದು ಸೆಟ್ ಸ್ಪ್ಯಾನರ್ ಮತ್ತು ಹಳೆ ಪಂಚೆಯ ಚೂರು ಸಾಕು. ಎಂಜಿನ್ನಿನಿಂದ ಕ್ಲಚ್ಚಿಗೆ ಶಕ್ತಿ ಒಯ್ಯುವ ವಿ-ಬೆಲ್ಟ್‌ಗಳಲ್ಲಿ ಒಂದು ಹರಿದಿದ್ದರೂ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕು. ಜಗ್ಗಿದ ಹಳೆಯವುಗಳ ಮಧ್ಯೆ ಹೊಸದೊಂದನ್ನು ಸೇರಿಸಿದರೆ ಭಾರವೆಲ್ಲ ಅದರ ತಲೆಗೇ ಬಂದು ಬೇಗ ಹೋಗುತ್ತದೆ. ಹೊಸ ಸೊಸೆಯ ಪಾಡು ಎಂದು ನಮ್ಮಮ್ಮ ಹೇಳಿದರು.

ಹ್ಯಾಂಡಲಿನ ಕೆಳಗಿರುವ ಎರಡು ಸ್ಟೀರಿಂಗ್ ಕ್ಲಚ್‌ಗಳ ಕೇಬಲ್ಲು, ಸ್ಪ್ರಿಂಗುಗಳನ್ನು ನಾನು ಎಂಜಿನ್ನಿಗಿಂತ ಹೆಚ್ಚು ಜಾಗ್ರತೆಯಿಂದ ನೋಡುತ್ತೇನೆ. ಸಮತಟ್ಟಿನಲ್ಲಿ ಎಡಗಡೆಯದನ್ನು ಒತ್ತಿದರೆ ಎಡಚಕ್ರಕ್ಕೆ ಶಕ್ತಿ ತಪ್ಪಿ ಟಿಲ್ಲರ್ ಎಡಕ್ಕೆ ತಿರುಗುತ್ತದೆ. ತುಂಬಿದ ಟ್ರೈಲರಿನೊಂದಿಗೆ ಕಡಿದಾದ ಇಳಿಜಾರು ಇಳಿಯುವಾಗ ಎಲ್ಲ ಉಲ್ಟಾ. ಎಂಜಿನ್ನಿನ ಹಿಡಿತ ತಪ್ಪಿದ ಚಕ್ರ ಭಾರಕ್ಕೆ ಮುಂದಕ್ಕೋಡಿ, ಎಡಕ್ಕೆ ಒತ್ತಿದವನನ್ನು ಬಲಕ್ಕೆ ಒಯ್ಯುತ್ತದೆ. ನಮ್ಮ ಊರಿನ ತೋಟದ ದಾರಿಗಳಲ್ಲಿ ಬಲಕ್ಕೆ ಅಂದರೆ ಹಳ್ಳಕ್ಕೆ. ಬಯಲುಸೀಮೆಯಿಂದ ಬಂದ ಡ್ರೈವರಿಗೆ ಇದನ್ನು ಮೊದಲ ದಿನವೇ ಹೇಳಿಕೊಡಬೇಕು.

ಇನ್ನು ಉಪಕರಣಗಳು. ಟಿಲ್ಲರಿನ ಅರ್ಧ ಜೀವ ಇರುವುದು ಅವುಗಳಲ್ಲೇ, ಆದರೂ ರಿಪೇರಿಯವರು ಅವಕ್ಕೆ ಕೈಹಾಕುವುದು ಕೊನೆಗೆ. ರೋಟರಿಯ ಅಲಗುಗಳಲ್ಲಿ ಎಡಕ್ಕೆ ಬಾಗಿದ್ದು, ಬಲಕ್ಕೆ ಬಾಗಿದ್ದು ಎಂದು ಎರಡು ಬಗೆ. ಲೆಕ್ಕ ತಪ್ಪಿಸಿ ಜೋಡಿಸಿದರೆ ಗದ್ದೆ ಸಮವಾಗದೆ ಒಂದು ಕಡೆ ಚರಂಡಿ, ಒಂದು ಕಡೆ ದಿಬ್ಬ. ಅಲಗು ಸವೆದರೆ ಕಣ್ಣಿಗೆ ಕಾಣುತ್ತದೆ. ಶಾಫ್ಟಿನ ಆಯಿಲ್ ಸೀಲ್ ಹೋದದ್ದು ಕಾಣುವುದಿಲ್ಲ. ಆಯಿಲ್ ಹೊರಗೆ ಬರುವಷ್ಟೇ ಸದ್ದಿಲ್ಲದೆ ಕೆಸರುನೀರು ಒಳಗೆ ಹೋಗಿ ಬೇರಿಂಗು, ಚೈನು ಎಲ್ಲವನ್ನೂ ಅರೆದಿರುತ್ತದೆ. ಡ್ರೈನ್ ಪ್ಲಗ್ ಬಿಚ್ಚಿದಾಗ ಆಯಿಲ್ ಬದಲು ಹಾಲು ಹಾಕಿದ ಚಹಾದಂಥದ್ದು ಸುರಿದರೆ ಖರ್ಚಿಗೆ ಸಿದ್ಧರಾಗಿ.

ಕೇಜ್‌ವೀಲ್ ಕೆಸರಿನ ಸರದಾರ. 6.00-12 ಅಳತೆಯ ಟೈರು ಹೂತುಹೋಗುವಲ್ಲಿ ಇದು ಪಟ್ಟಿಗಳನ್ನು ಊರಿಕೊಂಡು ನಡೆಯುತ್ತದೆ. ಕಿತ್ತುಹೋದ ಪಟ್ಟಿಗಳಿಗೆ ವೆಲ್ಡಿಂಗ್ ಮಾಡಿಸಿದರೆ ಮುಗಿಯಿತು, ಇದರಲ್ಲಿ ವಿದ್ಯೆಯೇನಿಲ್ಲ.

ಮದ್ದು ಹೊಡೆಯುವ ಪಂಪಿನದು ಬೇರೆಯೇ ಕಥೆ. ಮೈಸೂರು ಸರ್ಕಾರದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ ಬೋರ್ಡೋ ಮದ್ದನ್ನು ಬಳಕೆಗೆ ತಂದಂದಿನಿಂದ ಮಲೆನಾಡಿನ ಮಳೆಗಾಲಕ್ಕೆ ನೀಲಿ ಬಣ್ಣ. ಟಿಲ್ಲರಿನ ಪುಲ್ಲಿಗೆ ಬೆಲ್ಟ್ ಹಾಕಿ ಪಂಪ್ ತಿರುಗಿಸಿದರೆ ಮದ್ದು ಮರ ಹತ್ತಿದ ಕೊನೆಗೌಡನ ಕೈಯ ಜೆಟ್ಟಿಗೆ ಏರುತ್ತದೆ. 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಸುಣ್ಣ ಕಡಿಮೆಯಾಗಿದೆಯೋ ಎಂದು ನೋಡಲು ಕತ್ತಿಯನ್ನು ಅದ್ದುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ. ಕತ್ತಿಗೆ ಹತ್ತುವುದು ಕಬ್ಬಿಣದ ಬೋಲ್ಟಿಗೂ ಹತ್ತುತ್ತದೆ. ಮದ್ದು ಹೊಡೆದ ಸಂಜೆ ಬರಿ ನೀರು ಹಾಯಿಸಿ ತೊಳೆಯದ ಪಂಪನ್ನು ಹತ್ತು ವರ್ಷದ ಮೇಲೆ ಬಿಚ್ಚುವವರು ಯಾರನ್ನು ಬೈಯುತ್ತಾರೆ ಎಂದು ಊಹಿಸಬಹುದು. ನಾನು ಬೈದದ್ದು ನನ್ನನ್ನೇ.

ಟ್ರೈಲರಿನ ತಗಡು ಸೆಗಣಿ ಗೊಬ್ಬರದ ಹಸಿಗೆ ತಳದಲ್ಲಿ ಸೋರುತ್ತದೆ. ತಳ ಕತ್ತರಿಸಿ ಹೊಸ ತಗಡು ಕೂರಿಸಿ, ರೆಡ್ ಆಕ್ಸೈಡ್ ಬಳಿದು, ಮೇಲೆ ಬಣ್ಣ. ಇಲ್ಲಿ ಮಲೆನಾಡಿಗರ ರಸಿಕತೆ ತೆರೆದುಕೊಳ್ಳುತ್ತದೆ. ಎಂಜಿನ್ನಿಗೆ ಕಂಪನಿಯ ಬಣ್ಣವೇ ಆಗಬೇಕೆಂಬ ಹಟ ಯಾರಿಗೂ ಇಲ್ಲ, ಮನೆಯ ಕಿಟಕಿಗೆ ಬಳಿದು ಉಳಿದದ್ದೂ ನಡೆಯುತ್ತದೆ. ಟ್ರೈಲರಿನ ಹಿಂಬಾಗಿಲಿಗೆ ಮಾತ್ರ ಊರದೇವರ ಹೆಸರು, ಎರಡೂ ಕಡೆ ತಾವರೆ. ಗೊಬ್ಬರ, ದರಗು, ಅಡಿಕೆ ಗೊನೆ, ಮದುವೆ ಮನೆಯ ಪಾತ್ರೆ, ಗಣಪತಿ, ಎಲ್ಲರೂ ಹತ್ತುವ ವಾಹನವಲ್ಲವೇ?

ಹ್ಯಾಂಡಲ್ ಹೊಡೆದು ಎಂಜಿನ್ ಶುರು ಮಾಡುವ ದಿನ ಮನೆಮಂದಿಯೆಲ್ಲ ಅಂಗಳಕ್ಕೆ ಬರುತ್ತಾರೆ. ಡೀಸೆಲ್ ಪೈಪಿನ ಗಾಳಿ ತೆಗೆದು, ಡಿಕಂಪ್ರೆಷನ್ ಲಿವರ್ ಎತ್ತಿ ಹಿಡಿದು, ಹ್ಯಾಂಡಲ್ ತಿರುಗಿಸುತ್ತ ವೇಗ ಬಂದಾಗ ಲಿವರ್ ಬಿಡಬೇಕು. ಹೆಬ್ಬೆರಳನ್ನು ಹ್ಯಾಂಡಲಿಗೆ ಸುತ್ತಬಾರದು, ಉಳಿದ ಬೆರಳುಗಳ ಪಕ್ಕದಲ್ಲೇ ಇರಬೇಕು. ಎಂಜಿನ್ ಹಿಂದಕ್ಕೆ ಒದ್ದರೆ ಸುತ್ತಿದ ಹೆಬ್ಬೆರಳು ಮುರಿಯುತ್ತದೆ. ನಮ್ಮದು ಏಳನೆಯ ಸಲಕ್ಕೆ ಬಿಳಿ ಹೊಗೆ ಬಿಟ್ಟಿತು, ಹನ್ನೊಂದಕ್ಕೆ ಕೆಮ್ಮಿತು, ಆಮೇಲೆ ಲೆಕ್ಕ ಇಟ್ಟವರಿಲ್ಲ. ಹಿಡಿದುಕೊಂಡ ಮೇಲೆ ಅದರ ಟಕಟಕಕ್ಕೆ ಮಾತು ಕೇಳದೆ ಎಲ್ಲರೂ ಕೈಸನ್ನೆಯಲ್ಲೇ ನಕ್ಕರು.

ಮರುದಿನದಿಂದಲೇ ಟ್ರೈಲರ್ ಗೊಬ್ಬರಕ್ಕೆ ಹೋಯಿತು. ರೋಟರಿಗೆ ಹೊಸ ಸೀಲ್, ಹೊಸ ಅಲಗು ಎಲ್ಲ ಹಾಕಿದ್ದೇವೆ. ಇಳಿಸಲು ನಮ್ಮಲ್ಲಿ ಗದ್ದೆ ಉಳಿದಿರುವುದು ಒಂದೇ, ಕೆರೆಯ ಕೆಳಗಿನದು. ರೋಟರಿಯನ್ನು ಅಡಿಕೆ ದಿಮ್ಮಿಯ ಮೇಲೆ ಎತ್ತಿಟ್ಟು, ಅಲಗಿಗೆ ಎಂಜಿನ್ನಿನಿಂದ ಇಳಿಸಿದ ಹಳೆ ಆಯಿಲ್ ಬಳಿದಾಗಿದೆ. ನೆಟ್ಟಿಗೆ ಮುಂಚೆ ಅರ್ಧ ದಿನಕ್ಕೆ ಬೇಕು ಎಂದು ಆಚೆಮನೆಯವರು ಈಗಲೇ ಹೇಳಿಟ್ಟಿದ್ದಾರೆ. ಕೇಜ್‌ವೀಲ್ ಕೂಡ ಅವರಿಗೆ ಬೇಕಂತೆ, ಕೋಳಿ ಮತ್ತೆ ಕಾವಿಗೆ ಕೂರದಿದ್ದರೆ.