ನಾಳೆ ವಿಮಾನ, ಇವತ್ತು ಅನ್ನ

ಮಂಡಿಕಲ್ಲಿನ ಹುಡುಗನೊಬ್ಬ ನಾಳೆ ದೇವನಹಳ್ಳಿಯಲ್ಲಿ ವಿಮಾನ ಹತ್ತುತ್ತಾನೆ ಅಂದುಕೊಳ್ಳಿ. ಪರದೇಶದಲ್ಲಿ ಬಾಡಿಗೆ ಕಾರು, ಊರೂರಿಗೆ ಒಂದು ಮ್ಯಾರಥಾನ್, ಪ್ರತಿಯೊಂದೂ 42.195 ಕಿಲೋಮೀಟರ್. ಮೊದಲನೆಯದಕ್ಕೆ ಎರಡೇ ದಿನ.

ಅಡುಗೆಮನೆಯಲ್ಲಿ ಅಮ್ಮ ಮುದ್ದೆ ತಿರುವಲು ಕೋಲು ಹಿಡಿದಿದ್ದಾರೆ. ನಮ್ಮ ಸೀಮೆಯ ಊಟ ಅದು, ನನಗೂ ಪ್ರಾಣ. ಆದರೂ ಅಮ್ಮ, ಇವತ್ತು ಅನ್ನ ಬಡಿಸಿ. ಓಡುವ ಸ್ನಾಯುಗಳಿಗೆ ಗ್ಲೈಕೋಜನ್ ಬೇಕು. ಅದು ಪೂರ್ತಿ ತುಂಬಲು ಒಂದೂವರೆ ಎರಡು ದಿನ ಪಿಷ್ಟದ ಊಟ ಆಗಬೇಕು. ರಾಗಿಯಲ್ಲೂ ಪಿಷ್ಟ ಧಾರಾಳ, ಆದರೆ ನಾರು ಜಾಸ್ತಿ. ಓಡುವಾಗ ಹೊಟ್ಟೆ ಕಾಡಬಹುದು. ಬಿಸಿ ಅನ್ನ, ತಿಳಿಸಾರು, ಬಾಳೆಹಣ್ಣು ಸಾಕು.

ಕಾಲಿಗೆ ಒಗ್ಗಿದ ಶೂ ಕ್ಯಾಬಿನ್ ಬ್ಯಾಗಿನಲ್ಲೇ ಇರಲಿ. ಆರ್‌ಟಿಒ ಕೊಟ್ಟ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಒಂದು ವರ್ಷಕ್ಕಷ್ಟೇ, ತಾರೀಖು ನೋಡಿಕೊಳ್ಳಿ. ಇಲ್ಲಿನ ಡಿಎಲ್ಲೂ ಜೊತೆಗಿರಲಿ.

ನಿಜವಾದ ಕಷ್ಟ ಓಟಗಳ ನಡುವೆ. ಗ್ಲೈಕೋಜನ್ ಊಟದಿಂದ ಮತ್ತೆ ತುಂಬುತ್ತೆ, ಆದರೆ ಪೆಟ್ಟು ತಿಂದ ಸ್ನಾಯುವಿನ ಎಳೆಗಳಿಗೆ ದಿನಗಳೇ ಬೇಕು. ಅದಕ್ಕೇ ಮೊದಲ ಓಟ ನಿಧಾನವಾಗಿರಲಿ. ಕಾರಿನಿಂದ ಎರಡು ಗಂಟೆಗೊಮ್ಮೆ ಇಳಿದು ಓಡಾಡಿ.

ಸಂಜೆ ನಂದಿಬೆಟ್ಟ ಹತ್ತಿ ಬರೋಣ ಅಂತ ಮನಸ್ಸು ಎಳೆಯುತ್ತೆ. ಬೇಡ. ಹೊಲದ ದಾರಿಯಲ್ಲಿ ಇಪ್ಪತ್ತು ನಿಮಿಷ ನಡೆದು ಬಂದು ಮಲಗಪ್ಪ.