ಸೊಪ್ಪಿನ ಹೊರೆಯೊಡನೆ ಬರುವ ಉಣ್ಣಿ

ಕುದ್ರೋಳಿಯ ನಮ್ಮ ಕಚೇರಿಗೆ ಬಂದ ಸದಸ್ಯರೊಬ್ಬರು, "ಮಂಗವೇ ಸಾಯದಿದ್ದ ಮೇಲೆ ಮಂಗನ ಕಾಯಿಲೆಯ ಹೆದರಿಕೆ ಏಕೆ?" ಎಂದು ಕೇಳಿದರು. ಈ ಲೆಕ್ಕ ಸರಿಯಲ್ಲ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತಾಗ ರೋಗ ಪತ್ತೆಯಾಯಿತು. ಹೆಸರೂ ಹಾಗೆಯೇ ಅಂಟಿತು. 1980ರ ದಶಕದ ಆರಂಭದಲ್ಲಿ ಅದು ಬೆಳ್ತಂಗಡಿ ತಾಲೂಕಿನ ಪಟ್ರಮೆ, ನಿಡ್ಲೆ ಕಡೆಗೂ ಬಂತು. ಆದರೆ ಸತ್ತು ಸುದ್ದಿಯಾಗುವುದು ಮಂಗ ಮಾತ್ರ. ರೋಗಾಣುವನ್ನು ಸದ್ದಿಲ್ಲದೆ ಉಳಿಸುವುದರಲ್ಲಿ ಕಾಡಿಲಿ, ಸುಂಡಿಲಿ, ಅಳಿಲುಗಳ ಪಾಲೂ ಉಂಟು. ಉಣ್ಣಿಯ ಮರಿ ಇವುಗಳ ರಕ್ತ ಕುಡಿದು ಉದುರುತ್ತದೆ. ತರಗೆಲೆಯಡಿ ಪೊರೆ ಕಳಚಿ, ಸಾಸಿವೆಯಷ್ಟೂ ಇಲ್ಲದ ಎಳೆಯುಣ್ಣಿಯಾಗಿ ಮುಂದಿನ ಮೈಗೆ ಕಾಯುತ್ತದೆ. ಹಿಡಿದ ರೋಗಾಣು ಅದರೊಳಗೇ ಉಳಿದಿರುತ್ತದೆ. ಡಿಸೆಂಬರಿನಿಂದ ಮೇ ತನಕ, ಅಂದರೆ ನಾವು ಕಾಡಿನಿಂದ ದರಗು ತರುವ ದಿನಗಳಲ್ಲೇ, ಇದರ ಕಾಟ ಹೆಚ್ಚು.

ಉಣ್ಣಿಯ ಜ್ವರ ಇದೊಂದೇ ಅಲ್ಲ. ಮಂಗನ ಕಾಯಿಲೆ ವೈರಸ್ಸಿನದು, ಅದಕ್ಕೆ ನೇರ ಮದ್ದಿಲ್ಲ. ಆರೈಕೆಯಿಂದಲೇ ಜೀವ ಉಳಿಯಬೇಕು. ಉಣ್ಣಿ ಟೈಫಸ್ ಬ್ಯಾಕ್ಟೀರಿಯದ್ದು, ಡಾಕ್ಸಿಸೈಕ್ಲಿನ್ ಬೇಗ ಸಿಕ್ಕರೆ ಗುಣವಾಗುತ್ತದೆ. ಅಂಗೈ, ಅಂಗಾಲಿಗೂ ಹರಡುವ ಕೆಂಪು ಗುಳ್ಳೆ ಅದರ ಗುರುತು. ಆದರೆ ಮೊದಲ ದಿನಗಳಲ್ಲಿ ಎರಡೂ ಒಂದೇ ತೆರ: ಜ್ವರ, ತಲೆನೋವು, ಮೈಕೈ ನೋವು. ನಮ್ಮ ತೋಟದ ಕೆಲಸಕ್ಕೆ ಬರುವವರೊಬ್ಬರು ನಾಲ್ಕು ದಿನ ಅಂಗಡಿ ಮಾತ್ರೆಯಲ್ಲೇ ಕಳೆದರು. ಐದನೆಯ ದಿನ ವೈದ್ಯರಲ್ಲಿಗೆ ಕರೆದೊಯ್ದಾಗಲೂ ಉಣ್ಣಿ ಕಚ್ಚಿದ್ದನ್ನು ಯಾರೂ ಹೇಳಲಿಲ್ಲ, ನಾವೂ ಹೇಳಲಿಲ್ಲ. ಅವರು ಉಳಿದುಕೊಂಡದ್ದು ಪುಣ್ಯ.

ಸೊಪ್ಪಿನ ಹೊರೆಯನ್ನು ಜಗಲಿಯಲ್ಲಿ ಇಳಿಸಬೇಡಿರಿ. ಕಾಡಿನಿಂದ ಬಂದೊಡನೆ ಬಟ್ಟೆ ಬಿಸಿನೀರಿಗೆ ಹಾಕಿ, ಮಿಂದು, ಮೈ ನೋಡಿಕೊಳ್ಳಿರಿ. ಜ್ವರ ಬಂದರೆ ಕಾಡಿಗೆ ಹೋದ ದಿನವನ್ನು ವೈದ್ಯರಿಗೆ ಮೊದಲು ತಿಳಿಸಿರಿ.