ಎಲ್ಲ 'ನಾರ್ಮಲ್', ಆದರೂ ಮೈಯೆಲ್ಲ ನೋವು!

ಕತ್ತು, ಭುಜ, ಸೊಂಟ, ತೊಡೆ, ಹೀಗೆ ಇವತ್ತು ಇಲ್ಲಿ, ನಾಳೆ ಅಲ್ಲಿ, ಕೆಲವು ದಿನ ಎಲ್ಲ ಕಡೆಯೂ ನೋವು. ರಾತ್ರಿ ಎಂಟು ಗಂಟೆ ಮಲಗಿ ಎದ್ದರೂ ನಿದ್ದೆ ಮಾಡಿದ ಹಾಗಿಲ್ಲ. ರಕ್ತಪರೀಕ್ಷೆ, ಎಕ್ಸ್‌ರೇ, ಸ್ಕ್ಯಾನಿಂಗ್ ಎಲ್ಲ ಮಾಡಿಸಿ ಫೈಲು ದಪ್ಪವಾಗಿದೆ, ಎಲ್ಲದರಲ್ಲೂ 'ನಾರ್ಮಲ್'. 'ಏನೂ ಇಲ್ಲ ಅಂತ ಡಾಕ್ಟರೇ ಹೇಳಿದರಲ್ಲ, ಇನ್ನೇನು?' ಎಂದು ಮನೆಯವರು. ನಿಮ್ಮ ಸ್ಥಿತಿ ಹೀಗಿದ್ದರೆ, ಅಥವಾ ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ನರಳುತ್ತಿದ್ದರೆ, ಫೈಬ್ರೊಮಯಾಲ್ಜಿಯಾ ಎಂಬ ಹೆಸರು ನಿಮಗೆ ತಿಳಿದಿರಬೇಕು.

ಇದು ಹೊಸ ಕಾಯಿಲೆಯೇನಲ್ಲ. 1904ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಗವರ್ಸ್ ಇದನ್ನು 'ಫೈಬ್ರೊಸೈಟಿಸ್' ಎಂದು ಕರೆದರು. ಸ್ನಾಯುಗಳ ನಾರಿನಲ್ಲಿ ಉರಿಯೂತ ಇರಬಹುದೆಂಬ ಊಹೆ ಆಗ ಇತ್ತು. ಆದರೆ ಪರೀಕ್ಷಿಸಿ ನೋಡಿದಾಗ ಅಲ್ಲಿ ಉರಿಯೂತ ಸಿಗಲಿಲ್ಲ. ಹಾಗಾಗಿ ಹೆಸರು ಬದಲಾಯಿತು. ನಾರು, ಸ್ನಾಯು, ನೋವು ಎಂಬ ಮೂರು ಪದಗಳು ಕೂಡಿ ಆದ ಹೆಸರು ಫೈಬ್ರೊಮಯಾಲ್ಜಿಯಾ. ಇದು ಸಂಧಿವಾತವಲ್ಲ. ಕೀಲುಗಳು ಊದುವುದಿಲ್ಲ, ಸೊಟ್ಟಗಾಗುವುದಿಲ್ಲ. ಜೀವಕ್ಕೆ ಅಪಾಯವಿಲ್ಲ. ನೂರರಲ್ಲಿ ಸುಮಾರು 2ರಿಂದ 4 ಜನರಿಗೆ ಬರುತ್ತದೆ. ಹೆಂಗಸರಲ್ಲಿ ಹೆಚ್ಚು, ಆದರೆ ಗಂಡಸರಿಗೆ ಬರುವುದೇ ಇಲ್ಲ ಎಂದಲ್ಲ.

ಹಾಗಾದರೆ ನೋವು ಎಲ್ಲಿಂದ? ಗಣೇಶನ ಪೆಂಡಾಲಿನಲ್ಲಿ ಮೈಕಿನ ಮುಂದೆ ಪಿಸುಗುಟ್ಟಿದರೂ ಬೀದಿಗೆಲ್ಲ ಕೇಳಿಸುತ್ತದೆ. ಕಾರಣ ಮಾತಾಡಿದವನ ಗಂಟಲಲ್ಲ, ಆಂಪ್ಲಿಫೈಯರ್. ಇಲ್ಲಿಯೂ ಹಾಗೆಯೇ. ಸ್ನಾಯುಗಳಿಂದ ಬರುವ ಸಣ್ಣ ಸಂದೇಶವನ್ನು ಮಿದುಳು ಮತ್ತು ಮಿದುಳುಬಳ್ಳಿ ಹಿಗ್ಗಿಸಿ ನೋವಾಗಿ ಮಾಡುತ್ತವೆ. 2002ರಲ್ಲಿ ಅಮೆರಿಕದ ತಜ್ಞರು ಇಂಥ ರೋಗಿಗಳ ಹೆಬ್ಬೆರಳನ್ನು ಮೆಲ್ಲಗೆ ಒತ್ತಿ ಮಿದುಳಿನ ಎಂ.ಆರ್.ಐ. ತೆಗೆದರು. ಆರೋಗ್ಯವಂತರಲ್ಲಿ ಜೋರಾಗಿ ಒತ್ತಿದಾಗ ಮಾತ್ರ ಎಚ್ಚರಗೊಳ್ಳುವ ನೋವಿನ ಕೇಂದ್ರಗಳು ಇವರಲ್ಲಿ ಅಷ್ಟಕ್ಕೇ ಎಚ್ಚರಗೊಂಡವು. ಆದ್ದರಿಂದ 'ಎಲ್ಲ ಮನಸ್ಸಿನ ಭ್ರಮೆ', 'ಕೆಲಸ ತಪ್ಪಿಸಿಕೊಳ್ಳಲು ನಾಟಕ' ಎನ್ನುವವರು ದಯವಿಟ್ಟು ಈ ಸಾಲುಗಳನ್ನು ಇನ್ನೊಮ್ಮೆ ಓದಬೇಕು.

ನಿದ್ದೆಗೂ ಇದಕ್ಕೂ ನಂಟಿದೆ. 1975ರಲ್ಲಿ ಕೆನಡಾದಲ್ಲಿ ಕೆಲವು ಆರೋಗ್ಯವಂತರಿಗೆ ಗಾಢನಿದ್ರೆ ಬರುತ್ತಿದ್ದಂತೆ ಅದನ್ನು ಕೆಡಿಸುತ್ತಾ ಬಂದಾಗ, ಅವರಿಗೂ ಮೈಕೈ ನೋವು ಶುರುವಾಯಿತು! ನೋವಿನಿಂದ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟು ನೋವು ಹೆಚ್ಚುತ್ತದೆ.

ಈ ಕಾಯಿಲೆಯನ್ನು ತೋರಿಸಿಕೊಡುವ ರಕ್ತಪರೀಕ್ಷೆ ಇಲ್ಲ. ಮೊದಲು ಮೈಮೇಲಿನ 18 ಜಾಗಗಳನ್ನು ಒತ್ತಿ 11ರಲ್ಲಾದರೂ ನೋವಿದೆಯೇ ಎಂದು ನೋಡುತ್ತಿದ್ದರು. ಅದು 1990ರ ನಿಯಮ. 2010ರಿಂದ ನೋವು ಎಷ್ಟು ಭಾಗಗಳಲ್ಲಿದೆ, ನಿದ್ದೆ, ಆಯಾಸ, ಮರೆವು ಹೇಗಿವೆ, 3 ತಿಂಗಳಿಗೂ ಮೀರಿ ಇವೆಯೇ ಎಂದು ಕೇಳಿ ನಿರ್ಧರಿಸುತ್ತಾರೆ. ಆದರೂ ಕೆಲವು ಪರೀಕ್ಷೆಗಳು ಬೇಕೇ ಬೇಕು. ಥೈರಾಯ್ಡ್ ಕೊರತೆ, ವಿಟಮಿನ್ 'ಡಿ' ಕೊರತೆ, ರಕ್ತಹೀನತೆ ನಮ್ಮ ಹೆಂಗಸರಲ್ಲಿ ಸಾಮಾನ್ಯ. ಅವುಗಳಿಂದಲೂ ಇಂಥದೇ ನೋವು, ಆಯಾಸ ಬರುತ್ತದೆ, ಮತ್ತು ಅವನ್ನು ಸರಿಪಡಿಸಬಹುದು. ಚಿಕುನ್‌ಗುನ್ಯ ಬಂದು ಹೋಗಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. 2006ರಲ್ಲಿ ನಮ್ಮ ರಾಜ್ಯದಲ್ಲಿ ಅದು ಹಬ್ಬಿದಾಗ ತಿಂಗಳುಗಟ್ಟಲೆ ಕೀಲುನೋವು ಅನುಭವಿಸಿದವರು ಬಹಳ. ಜ್ವರ, ಕೀಲು ಊತ, ತೂಕ ಇಳಿಕೆ, ಕೈಕಾಲಿನಲ್ಲಿ ಬಲ ಕುಂದುವುದು, ಇವು ಫೈಬ್ರೊಮಯಾಲ್ಜಿಯಾದ ಲಕ್ಷಣಗಳಲ್ಲ. ಇದ್ದರೆ ತಡಮಾಡದೆ ತೋರಿಸಿಕೊಳ್ಳಿ.

ಇನ್ನು ದಿನನಿತ್ಯದ ಬಾಳು. ಇಲ್ಲಿ ಹೆಚ್ಚಿನವರಿಗೆ ತೊಂದರೆ ಕೊಡುವುದು ಕೆಟ್ಟ ದಿನವಲ್ಲ, ಒಳ್ಳೆಯ ದಿನ! ನೋವು ಕಡಿಮೆಯಿದೆ ಎನ್ನಿಸಿದ ಬೆಳಿಗ್ಗೆ ಅಟ್ಟ ಗುಡಿಸಿ, ಪರದೆ ಒಗೆದು, ಸಂಜೆ ಚಕ್ಕಲಿ ಒತ್ತಿ, ಬಾಕಿಯನ್ನೆಲ್ಲ ಒಂದೇ ದಿನ ತೀರಿಸುವ ಹಂಬಲ. ಮರುದಿನದಿಂದ ಮೂರು ದಿನ ಹಾಸಿಗೆ. ಹೀಗೆ ಮಾಡಬೇಡಿ. ದೀಪಾವಳಿಗೆ ಮನೆ ತೊಳೆಯುವುದಿದ್ದರೆ ದಿನಕ್ಕೊಂದು ಕೋಣೆ ಸಾಕು. ತರಕಾರಿಯನ್ನು ಕುರ್ಚಿಯಲ್ಲಿ ಕುಳಿತು ಹೆಚ್ಚಿ. ತುಂಬಿದ ಬಕೆಟ್ ಒಂದರ ಬದಲು ಅರ್ಧ ಬಕೆಟ್ ಎರಡು ಸಲ. ಇಪ್ಪತ್ತು ನಿಮಿಷ ಕೆಲಸ, ಐದು ನಿಮಿಷ ವಿರಾಮ. ಗಡಿಯಾರ ನೋಡಿ ನಿಲ್ಲಿಸಿ, ನೋವು ಬಂದ ಮೇಲಲ್ಲ. ಕೆಟ್ಟ ದಿನವೂ ಪೂರ್ತಿ ಮಲಗಿಬಿಡದೆ ಮನೆಯೊಳಗೇ ನಾಲ್ಕು ಹೆಜ್ಜೆ ಓಡಾಡಿ.

'ಮೈಯೆಲ್ಲ ನೋವು ಅಂದರೆ ವ್ಯಾಯಾಮ ಮಾಡಿ ಅಂತೀರಲ್ಲ!' ಎಂದು ನೀವು ಕೇಳಬಹುದು. ಆದರೆ 2016ರಲ್ಲಿ ಯೂರೋಪಿನ ಸಂಧಿರೋಗ ತಜ್ಞರು ಎಲ್ಲ ಚಿಕಿತ್ಸೆಗಳನ್ನೂ ತೂಗಿ ನೋಡಿ ಒತ್ತಿ ಶಿಫಾರಸು ಮಾಡಿದ್ದು ವ್ಯಾಯಾಮವೊಂದನ್ನೇ. ಮೊದಲ ವಾರ ದಿನಕ್ಕೆ ಐದೇ ನಿಮಿಷ ನಡೆಯಿರಿ. ಆಮೇಲೆ ವಾರಕ್ಕೆ ಒಂದೆರಡು ನಿಮಿಷ ಕೂಡಿಸಿ. ಮೊದಮೊದಲು ನೋವು ತುಸು ಹೆಚ್ಚಬಹುದು; ಅದಕ್ಕೆ ಹೆದರಿ ಬಿಟ್ಟುಬಿಡಬೇಡಿ, ಹೊತ್ತು ಸ್ವಲ್ಪ ಕಡಿಮೆ ಮಾಡಿ ಮುಂದುವರಿಸಿ. ಬೆಳಿಗ್ಗೆ ಮೈ ಬಿಗಿದಿದ್ದರೆ ಸಂಜೆ ನಡೆಯಿರಿ. ಸರಳ ಯೋಗಾಸನಗಳು, ಅನುಕೂಲವಿದ್ದರೆ ಈಜು, ಇವೂ ಒಳ್ಳೆಯವು. ಬಿಸಿನೀರಿನ ಸ್ನಾನದಿಂದ ಹಾಯೆನಿಸಿದರೆ ಧಾರಾಳವಾಗಿ ಮಾಡಿ.

ರಾತ್ರಿ ಮಲಗುವುದು ತಡವಾದರೂ ಬೆಳಿಗ್ಗೆ ಏಳುವ ಹೊತ್ತು ಬದಲಾಗದಿರಲಿ. ಸಂಜೆ ನಾಲ್ಕರ ಮೇಲೆ ಕಾಫಿ ಬೇಡ (ನಮ್ಮವರಿಗೆ ಇದೇ ಎಲ್ಲಕ್ಕಿಂತ ಕಷ್ಟದ ಪಥ್ಯ!). ಜೋರಾಗಿ ಗೊರಕೆ ಹೊಡೆಯುವ ಅಭ್ಯಾಸವಿದ್ದರೆ ವೈದ್ಯರಿಗೆ ತಿಳಿಸಿ.

ಔಷಧಿಗಳ ಬಗ್ಗೆ ಒಂದು ಮಾತು. ಅಮಿಟ್ರಿಪ್ಟಿಲಿನ್, ಡುಲೊಕ್ಸೆಟಿನ್‌ನಂಥ ಮಾತ್ರೆ ಬರೆದುಕೊಟ್ಟರೆ 'ನನಗೇನು ಹುಚ್ಚೇ?' ಎಂದು ಚೀಟಿ ಹರಿಯಬೇಡಿ. ಇವು ಖಿನ್ನತೆಗೂ ಕೊಡುವ ಔಷಧಿಗಳು, ನಿಜ. ಇಲ್ಲಿ ಕೊಡುವುದು ಆ ಆಂಪ್ಲಿಫೈಯರಿನ ಸದ್ದು ತಗ್ಗಿಸಲು. ಎಲ್ಲರಿಗೂ ಗುಣ ಕಾಣದು. ಕಂಡವರಿಗೂ ನೋವು ಪೂರ್ತಿ ಹೋಗುವುದು ಅಪರೂಪ. ಸ್ಟೀರಾಯ್ಡ್‌ನಿಂದ ಇಲ್ಲಿ ಉಪಯೋಗವಿಲ್ಲ. ದಿನಾ ನೋವಿನ ಗುಳಿಗೆ ನುಂಗುವುದರಿಂದ ಹೊಟ್ಟೆ, ಮೂತ್ರಪಿಂಡ ಕೆಡುತ್ತವೆ. ಹೆಸರಿಲ್ಲದ ಪುಡಿ, ಗುಳಿಗೆಗಳಿಂದ ಒಂದೇ ವಾರದಲ್ಲಿ ನೋವು ಮಾಯವಾದರೆ ಸಂತೋಷಪಡುವ ಮೊದಲು ಅನುಮಾನಪಡಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಎಷ್ಟೋ ಸಲ ಪತ್ತೆಯಾಗಿದೆ.

ಒಲೆಯ ಮೇಲೆ ಹಾಲಿಟ್ಟು ಮರೆಯುವುದು, ಮಾತಿನ ನಡುವೆ ಪದ ಸಿಗದಿರುವುದು ಕೂಡ ಈ ಕಾಯಿಲೆಯ ಭಾಗವೇ. ಇದು ಅರುಳುಮರುಳಲ್ಲ. ಗ್ಯಾಸ್ ಹಚ್ಚಿದಾಗ ಅಡಿಗೆಮನೆ ಬಿಡದಿರುವುದು, ಕೆಲಸಗಳನ್ನು ಕ್ಯಾಲೆಂಡರಿನಲ್ಲಿ ಬರೆದಿಡುವುದು ಸುಲಭದ ಉಪಾಯಗಳು.

ಮನೆಯವರು ಗಂಟೆಗೊಮ್ಮೆ 'ನೋವು ಹೇಗಿದೆ?' ಎಂದು ಕೇಳುತ್ತಿದ್ದರೆ ಗಮನವೆಲ್ಲ ನೋವಿನ ಮೇಲೇ ಹೋಗುತ್ತದೆ. ಅದರ ಬದಲು 'ಇವತ್ತು ಯಾವ ಕೆಲಸ ನಾನು ಮಾಡಲಿ?' ಎಂದು ಕೇಳಲಿ. ಮುಂದಿನ ಸಲ ವೈದ್ಯರಲ್ಲಿಗೆ ಒಬ್ಬರೇ ಹೋಗಬೇಡಿ. ಗಂಡನನ್ನೋ ಅತ್ತೆಯವರನ್ನೋ ಜೊತೆಗೆ ಕರೆದುಕೊಂಡು ಹೋಗಿ. ನೀವು ನೂರು ಸಲ ಹೇಳಿ ಸೋತದ್ದನ್ನು ಅವರು ವೈದ್ಯರ ಬಾಯಿಂದಲೇ ಒಮ್ಮೆ ಕೇಳಲಿ.